ವಯಸ್ಸಿನ ಮೇಲೊಂದು ಸುಳ್ಳು ಕೇಸು

ರೈಲಿನಲ್ಲಿ ಎದುರು ಸೀಟಿನಲ್ಲಿ ಕೂತು, ಊರು-ಮನೆ ವಿಚಾರಿಸಿ, ಬಿಸ್ಕತ್ತೋ ಟೀಯೋ ಕೊಟ್ಟು, ಮೈಮರೆತು ಮಲಗಿದವರ ಕೊರಳ ಸರ ಬಿಚ್ಚಿಕೊಂಡು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋಗುವ ಕಳ್ಳರ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಇಂಥ ತಂಡಗಳನ್ನು ‘ಅಟಿವಾನ್ ಗ್ಯಾಂಗ್’ ಎಂದು ಕರೆಯುವ ರೂಢಿಯೂ ಇದೆ. ಅಟಿವಾನ್ ಎಂದರೆ ಲೊರಾಜೆಪಾಮ್, ಆತಂಕಕ್ಕೂ ನಿದ್ದೆಗೂ ವೈದ್ಯರು ಬರೆದುಕೊಡುವ ಮಾತ್ರೆ. ಕಳ್ಳನಿಗೆ ಅದರಿಂದ ಎರಡು ಅನುಕೂಲ. ಪ್ರಯಾಣಿಕ ಮಲಗುತ್ತಾನೆ, ಎದ್ದ ಮೇಲೆ ಬಿಸ್ಕತ್ತು ಕೊಟ್ಟವನ ಮುಖ ಅವನಿಗೆ ಸರಿಯಾಗಿ ನೆನಪಾಗುವುದಿಲ್ಲ. ಎಂಡೋಸ್ಕೋಪಿಗೆ ಮುನ್ನ ಅದೇ ಕುಟುಂಬದ ಮಿಡಜೋಲಾಮ್ ಚುಚ್ಚುವುದೂ ಗಂಟಲೊಳಗೆ ಕೊಳವೆ ಇಳಿದ ನೆನಪು ರೋಗಿಯಲ್ಲಿ ಉಳಿಯದಿರಲಿ ಎಂದೇ. ಅಂದರೆ ಕಳ್ಳನಿಗೆ ಈ ಸಂಗತಿ ಗೊತ್ತು, ಪೊಲೀಸರಿಗೆ ಗೊತ್ತು, ಅರಿವಳಿಕೆ ತಜ್ಞರಿಗೂ ಗೊತ್ತು. ಎಪ್ಪತ್ತೈದರ ತಂದೆ ವರ್ಷಗಟ್ಟಲೆ ರಾತ್ರಿ ಇದೇ ಜಾತಿಯ ಮಾತ್ರೆ ನುಂಗುತ್ತ, ಹಾಲಿನವನಿಗೆ ಕೊಟ್ಟ ದುಡ್ಡನ್ನು ಮರೆತು ಮತ್ತೆ ಕೊಡಲು ಹೋದರೆ ಮಾತ್ರ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ. “ವಯಸ್ಸಾಯ್ತಲ್ಲ” ಎಂದು ತೀರ್ಪು ಬಂದುಬಿಡುತ್ತದೆ.

ನನ್ನ ತಕರಾರು ಈ ತೀರ್ಪಿನ ಮೇಲೆ. ಅರವತ್ತಕ್ಕೆ ಅರಳುಮರಳು ಎಂದು ಗಾದೆ ಕಟ್ಟಿಕೊಂಡಿರುವ ನಾವು ನೆರೆಹೊರೆಯವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಓದಿಕೊಂಡ ವೈದ್ಯರೂ ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿಗೆ ಹಿಡಿದು, “ಮೆದುಳು ಸ್ವಲ್ಪ ಕುಗ್ಗಿದೆ, ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ” ಎಂದು ಅದೇ ಗಾದೆಯನ್ನು ಇಂಗ್ಲಿಷ್ ವರದಿಯ ಮೇಲಿಟ್ಟು ಹೇಳಿ ಕಳಿಸುತ್ತಾರೆ. ಆ ಸ್ಕ್ಯಾನಿಂಗಿಗೆ ಸಾವಿರಾರು ರೂಪಾಯಿ ಖರ್ಚಾಗಿರುತ್ತದೆ. ಅಜ್ಜಿಯ ಮಾತ್ರೆ ಡಬ್ಬ ತೆರೆದು ನೋಡಲು ಬಿಡಿಗಾಸೂ ಬೇಡ. ಅದನ್ನು ತೆರೆದವರು ಯಾರೂ ಇರುವುದಿಲ್ಲ.

ವಯಸ್ಸಿಗೂ ಮರೆವಿಗೂ ಸಂಬಂಧವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುವುದು, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಪಾಲಿನವೇ. ಆದರೆ ದಾರಿ ತಪ್ಪುವುದು, ಹೇಳಿದ್ದನ್ನೇ ಹತ್ತು ಸಲ ಹೇಳುವುದು, ಮಗಳ ಮನೆಗೆ ಬಂದು ಎರಡು ದಿನವಾದರೂ ‘ಇದು ಯಾರ ಮನೆ’ ಎನ್ನುವುದು ವಯಸ್ಸಲ್ಲ, ಕಾಯಿಲೆ. ಭಾರತದ ಹಿರಿಯರ ಮೇಲೆ ನಡೆದ ದೊಡ್ಡ ಸಮೀಕ್ಷೆಯ ಆಧಾರದಲ್ಲಿ 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ದೊಡ್ಡ ಸಂಖ್ಯೆಯೇ. ಆದರೂ ನೂರಕ್ಕೆ ತೊಂಬತ್ತೆರಡು ಮಂದಿಗೆ ಅದು ಇಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಹಾಗಾದರೆ ಮರೆವು ಕಂಡಾಗ ಕಾರಣ ಹುಡುಕಬೇಕು. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ಕಿವಿ ಕೇಳಿಸದಿರುವುದು ಎಂದು ಕಾರಣಗಳು ಹತ್ತಾರಿವೆ. ಅವುಗಳಲ್ಲಿ ತೆಗೆದುಹಾಕಲು ಸುಲಭವಾದದ್ದು ಮಾತ್ರೆ. ನಾವು ಅದನ್ನೇ ಕೊನೆಗೆ ಕೇಳುತ್ತೇವೆ, ಬಹುಪಾಲು ಸಂದರ್ಭದಲ್ಲಿ ಕೇಳುವುದೂ ಇಲ್ಲ.

ನೆನಪು ಮೆದುಳಿನಲ್ಲಿ ನೆಲೆಯೂರಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕು. ಅದರ ದಾರಿ ಕಟ್ಟಿದರೆ ಏನಾಗುತ್ತದೆ ಎಂಬುದು ರಸ್ತೆ ಬದಿಯಲ್ಲಿ ಬೆಳೆಯುವ ಉಮ್ಮತ್ತದ ಗಿಡ ಬಲ್ಲ ಯಾರಿಗಾದರೂ ಗೊತ್ತು. ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ಇಲ್ಲದ್ದು ಕಾಣುತ್ತದೆ, ನಡೆದದ್ದು ಮರೆಯುತ್ತದೆ. ಆ ಗಿಡದಲ್ಲಿರುವ ಸ್ಕೋಪೊಲಮಿನ್ ಎಂಬ ಸಾರವನ್ನು ಮಾರ್ಫಿನ್ ಜತೆ ಸೇರಿಸಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಹೆರಿಗೆಯ ಹೆಂಗಸರಿಗೆ ಕೊಡುತ್ತಿದ್ದರು. ನೋವು ಪೂರ್ತಿ ತಪ್ಪುತ್ತಿರಲಿಲ್ಲ, ನೋವಿನ ನೆನಪು ತಪ್ಪುತ್ತಿತ್ತು. 1974ರಲ್ಲಿ ಡ್ರಾಕ್‌ಮನ್ ಮತ್ತು ಲೆವಿಟ್ ಎಂಬ ಅಮೆರಿಕದ ಸಂಶೋಧಕರು ಇದೇ ಸ್ಕೋಪೊಲಮಿನ್ನನ್ನು ಆರೋಗ್ಯವಂತ ಯುವಕರಿಗೆ ಕೊಟ್ಟು ನೆನಪಿನ ಪರೀಕ್ಷೆ ಮಾಡಿದರು. ಔಷಧ ಪಡೆದ ಯುವಕರು ತಪ್ಪಿದ್ದು ಯಾವ ಔಷಧವನ್ನೂ ಪಡೆಯದ ಮುದುಕರು ತಪ್ಪುವ ಹಾಗೆಯೇ. ‘ವಯಸ್ಸಾಯ್ತಲ್ಲ’ ಎನ್ನುವವರು ಈ ಪ್ರಯೋಗದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಆ ಹುಡುಗರಿಗೆ ಯಾವ ವಯಸ್ಸಾಗಿತ್ತು?

ಉಮ್ಮತ್ತವನ್ನು ಈಗ ಯಾರು ತಿನ್ನುತ್ತಾರೆ ಎಂದು ಕೇಳಬಹುದು. ಅಸಿಟೈಲ್‌ಕೋಲಿನ್ನಿಗೆ ಅಡ್ಡಗಟ್ಟುವ ಕೆಲಸವನ್ನು ಅದಕ್ಕಿಂತ ಮೆತ್ತಗೆ ಮಾಡುವ ಮಾತ್ರೆಗಳು ನಮ್ಮ ಮನೆಗಳಲ್ಲಿ ಡಬ್ಬಗಟ್ಟಲೆ ಇವೆ. ತುರಿಕೆಗೆ ಮೆಡಿಕಲ್ ಅಂಗಡಿಯಿಂದ ಕೇಳಿ ತರುವ ಎವಿಲ್, ಚಾರ್ಮಾಡಿ ಘಾಟಿಯ ಬಸ್ಸಿಗೆ ಮುನ್ನ ವಾಂತಿಯಾಗದಿರಲೆಂದು ನುಂಗುವ ಎವೊಮಿನ್, ನೆಗಡಿ ಮಾತ್ರೆಗಳಲ್ಲಿ ಸದ್ದಿಲ್ಲದೆ ಕೂತಿರುವ ಕ್ಲೋರ್‌ಫೆನಿರಮಿನ್, ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೊಮಿನ್, ಕಾಲುರಿಗೂ ತಲೆನೋವಿಗೂ ಬರೆಯುವ ಅಮಿಟ್ರಿಪ್ಟಿಲಿನ್, ಪದೇಪದೇ ಮೂತ್ರಕ್ಕೆ ಏಳುವುದನ್ನು ತಡೆಯುವ ಆಕ್ಸಿಬ್ಯುಟಿನಿನ್. ಇಪ್ಪತ್ತೈದರ ಹುಡುಗಿ ಘಾಟಿ ಹತ್ತುವ ದಿನ ಒಂದು ಎವೊಮಿನ್ ನುಂಗಿ ನಿದ್ದೆ ಹೋದರೆ ಏನೂ ಕೆಡುವುದಿಲ್ಲ. ಎಪ್ಪತ್ತೆಂಟರ ಅಜ್ಜಿ ಇವುಗಳಲ್ಲಿ ಮೂರನ್ನು ಮೂವರು ವೈದ್ಯರ ಚೀಟಿಯ ಮೇಲೆ ದಿನಾ ನುಂಗುವ ಕತೆ ಬೇರೆ. ಆ ವಯಸ್ಸಿನಲ್ಲಿ ಯಕೃತ್ತು, ಮೂತ್ರಪಿಂಡಗಳು ಔಷಧವನ್ನು ಹೊರಹಾಕುವುದು ನಿಧಾನ. ಮೈಯಲ್ಲಿ ಸ್ನಾಯು ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚಿರುವುದರಿಂದ ಡಯಾಜೆಪಾಮಿನಂಥದ್ದು ಅಲ್ಲಿ ದಿನಗಟ್ಟಲೆ ಉಳಿಯುತ್ತದೆ. ಪ್ರತಿಯೊಬ್ಬ ವೈದ್ಯರೂ ತಾನು ಕೊಟ್ಟದ್ದು ಸಣ್ಣ ಡೋಸು ಎಂದೇ ತಿಳಿದಿರುತ್ತಾರೆ, ಅದು ನಿಜವೂ ಹೌದು. ಮೂರೂ ಸಣ್ಣ ಡೋಸುಗಳು ಕೂಡುವುದು ಅಜ್ಜಿಯ ತಲೆಯೊಳಗೆ, ಯಾವ ವೈದ್ಯರ ಫೈಲಿನಲ್ಲೂ ಅಲ್ಲ.

ಇದೇನೂ ನಿನ್ನೆ ಮೊನ್ನೆ ಗೊತ್ತಾದ ವಿಷಯವಲ್ಲ. ಹಿರಿಯರಿಗೆ ಯಾವ ಮಾತ್ರೆ ಕೊಡಬಾರದು ಎಂಬ ಪಟ್ಟಿಯನ್ನು ಮಾರ್ಕ್ ಬಿಯರ್ಸ್ ಎಂಬ ಅಮೆರಿಕದ ವೈದ್ಯ 1991ರಲ್ಲೇ ಸಿದ್ಧಪಡಿಸಿದ್ದರು. ಅದನ್ನು ಅಲ್ಲಿನ ವೃದ್ಧಾಪ್ಯ ವೈದ್ಯರ ಸಂಘ ಪರಿಷ್ಕರಿಸುತ್ತಲೇ ಬಂದಿದೆ. 2023ರ ಆವೃತ್ತಿಯೂ ನಿದ್ದೆಗೆ ಕೊಡುವ ಬೆಂಜೊಡಯಜೆಪಿನ್ ಗುಂಪನ್ನೂ ಎವಿಲ್‌ನಂಥ ಹಳೆಯ ಕಾಲದ ಅಲರ್ಜಿ ಮಾತ್ರೆಗಳನ್ನೂ ಅರವತ್ತೈದು ದಾಟಿದವರಿಗೆ ಬೇಡವೆನ್ನುತ್ತದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಈ ಪಟ್ಟಿ ಲೋಕದಲ್ಲಿದೆ. ನಮ್ಮ ಊರಿನ ಕ್ಲಿನಿಕ್ಕಿನ ಗೋಡೆಯ ಮೇಲೆ ಔಷಧ ಕಂಪನಿಯ ಕ್ಯಾಲೆಂಡರ್ ಇದೆ.

ಈಗ ಬಲವಾದ ಆಕ್ಷೇಪಣೆಗೆ ಬರೋಣ. ಅಮೆರಿಕದ ಸಿಯಾಟಲ್ ಭಾಗದಲ್ಲಿ 3,434 ಹಿರಿಯರನ್ನು ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಸಿಟೈಲ್‌ಕೋಲಿನ್ನಿಗೆ ಅಡ್ಡಗಟ್ಟುವ ಮಾತ್ರೆಗಳನ್ನು ಒಟ್ಟಾರೆ ಮೂರು ವರ್ಷ ದಿನಾ ತೆಗೆದುಕೊಳ್ಳುವ ಡೋಸಿಗಿಂತ ಹೆಚ್ಚು ನುಂಗಿದವರಲ್ಲಿ, ನುಂಗದವರಿಗಿಂತ ಡಿಮೆನ್ಷಿಯಾ ಸಂಭವ ಶೇ 54ರಷ್ಟು ಹೆಚ್ಚಿತ್ತು. 2019ರಲ್ಲಿ ಬ್ರಿಟನ್ನಿನ ಸುಮಾರು 59 ಸಾವಿರ ರೋಗಿಗಳ ದಾಖಲೆ ಜಾಲಾಡಿದ ಇನ್ನೊಂದು ಅಧ್ಯಯನದಲ್ಲೂ ಹೆಚ್ಚುಕಡಿಮೆ ಅಷ್ಟೇ ಅಂತರ ಕಂಡಿತು. ಇವನ್ನು ಹಿಡಿದುಕೊಂಡು ‘ಮಾತ್ರೆಯಿಂದಲೇ ಅಲ್ಝೈಮರ್’ ಎಂದು ಕೂಗುವವರಿದ್ದಾರೆ. ಲೆಕ್ಕ ಬಲ್ಲವರು ಅವರನ್ನು ತಡೆದು ಕೇಳುವ ಪ್ರಶ್ನೆ ಸರಿಯಾಗಿಯೇ ಇದೆ. ಡಿಮೆನ್ಷಿಯಾ ಹೊರಗೆ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ನಿದ್ದೆ ಕೆಡುತ್ತದೆ, ಮನಸ್ಸು ಕುಸಿಯುತ್ತದೆ. ಅದಕ್ಕೆಂದು ಮಾತ್ರೆ ಶುರುವಾಗಿದ್ದರೆ ರೋಗ ಮೊದಲು, ಮಾತ್ರೆ ಆಮೇಲೆ. ನಿದ್ದೆ ಮಾತ್ರೆಗಳ ವಿಷಯದಲ್ಲಂತೂ ಕೆನಡಾದ ಕ್ವಿಬೆಕ್‌ನಿಂದ 2014ರಲ್ಲಿ ಬಂದ ಅಧ್ಯಯನ ನಂಟಿದೆ ಎಂದಿತು, ಸಿಯಾಟಲ್‌ನವರೇ 2016ರಲ್ಲಿ ಅದು ಮಾತ್ರೆಯ ಪರಿಣಾಮ ಎನ್ನಲು ಆಧಾರ ಸಾಲದು ಎಂದರು. ಬ್ರಿಟನ್ನಿನ ಅಧ್ಯಯನದಲ್ಲೂ ಖಿನ್ನತೆ, ಮೂತ್ರಕೋಶ, ಪಾರ್ಕಿನ್ಸನ್, ಮೂರ್ಛೆರೋಗಗಳ ಕೆಲವು ಔಷಧಗಳಿಗೆ ನಂಟು ಕಂಡಿತೇ ಹೊರತು ಅಲರ್ಜಿ ಮಾತ್ರೆಗೂ ಹೊಟ್ಟೆನುಲಿತದ ಮಾತ್ರೆಗೂ ಕಾಣಲಿಲ್ಲ.

ಇಷ್ಟನ್ನೂ ಒಪ್ಪುತ್ತೇನೆ. ಒಪ್ಪಿದ ಮೇಲೂ ನನ್ನ ವಾದ ಇದ್ದಲ್ಲೇ ಇದೆ. ಹತ್ತು ವರ್ಷದ ಮೇಲೆ ಅಲ್ಝೈಮರ್ ಬರುತ್ತದೋ ಇಲ್ಲವೋ ಎಂಬುದು ವಿಜ್ಞಾನಿಗಳ ನಡುವಿನ ಜಗಳ. ಇವತ್ತು ರಾತ್ರಿ ನುಂಗಿದ್ದು ನಾಳೆ ಬೆಳಿಗ್ಗೆಯ ನೆನಪನ್ನು ಮಂಕು ಮಾಡುತ್ತದೆ ಎಂಬುದರಲ್ಲಿ ಯಾರ ಜಗಳವೂ ಇಲ್ಲ, ಅದು ಆ ಔಷಧಗಳ ಜತೆ ಕಂಪನಿಯೇ ಅಚ್ಚುಹಾಕಿ ಕೊಡುವ ಮಾಹಿತಿಯಲ್ಲೇ ಇರುತ್ತದೆ. ಮೊದಲ ಪ್ರಶ್ನೆ ಇತ್ಯರ್ಥವಾಗಿಲ್ಲ ಎಂಬ ನೆಪದಲ್ಲಿ ಎರಡನೆಯದನ್ನೂ ಮುಚ್ಚಿಹಾಕುವುದೇ ನಮ್ಮಲ್ಲಿ ನಡೆಯುತ್ತಿರುವ ಮೋಸ.

ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಕೊಡುವ ಪರಿಪಾಠ. ಕೆನಡಾದ ಪೌಲಾ ರೋಶನ್ ಮತ್ತು ಅಮೆರಿಕದ ಜೆರ‍್ರಿ ಗುರ್ವಿಟ್ಜ್ ತೊಂಬತ್ತರ ದಶಕದಲ್ಲೇ ಇದನ್ನು ಗುರುತಿಸಿ ಬರೆದರು. ವಾಂತಿ ತಡೆಯುವ ಮಾತ್ರೆಯಿಂದ ಕೈ ನಡುಗುತ್ತದೆ, ಅದನ್ನು ಪಾರ್ಕಿನ್ಸನ್ ಎಂದುಕೊಂಡು ಪಾರ್ಕಿನ್ಸನ್ ಔಷಧ ಶುರುವಾಗುತ್ತದೆ ಎಂಬುದು ಅವರು ತೋರಿಸಿಕೊಟ್ಟ ಉದಾಹರಣೆ. ಅದರ ನಮ್ಮೂರ ಆವೃತ್ತಿಯನ್ನು ನೋಡಿ. ಹೊಟ್ಟೆಯುಬ್ಬರ ಎಂದು ಹೋದ ಅಜ್ಜನಿಗೆ ‘ಗ್ಯಾಸ್ ಮಾತ್ರೆ’ ಸಿಗುತ್ತದೆ. ಆ ಕ್ಯಾಪ್ಸೂಲಿನೊಳಗೆ ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಜತೆ ಎಷ್ಟೋ ಸಲ ಲೆವೊಸಲ್ಪಿರೈಡ್ ಎಂಬ ಇನ್ನೊಂದು ಔಷಧವೂ ಇರುತ್ತದೆ. ಇದು ಡೋಪಮಿನ್ನಿಗೆ ಅಡ್ಡ ನಿಲ್ಲುವಂಥದ್ದು. ಅಜ್ಜ ಅದನ್ನು ತಿಂಡಿಗೆ ಮುನ್ನ ತಿಂಗಳುಗಟ್ಟಲೆ ನುಂಗುತ್ತಾನೆ, ಮಗ ಅದೇ ಹಳೆ ಚೀಟಿ ತೋರಿಸಿ ತಂದುಕೊಡುತ್ತಲೇ ಇರುತ್ತಾನೆ. ನಡಿಗೆ ನಿಧಾನವಾಗುತ್ತದೆ, ಮುಖದ ಮೇಲಿನ ನಗು ಮಾಯವಾಗುತ್ತದೆ, ಲೋಟ ಹಿಡಿದ ಕೈ ನಡುಗುತ್ತದೆ. ಈಗ ಇನ್ನೊಬ್ಬ ವೈದ್ಯರು. ಅವರ ಮುಂದೆ ಗ್ಯಾಸ್ ಮಾತ್ರೆಯ ಹೆಸರು ಹೇಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲ, ಗ್ಯಾಸ್ ಮಾತ್ರೆ ಯಾರ ಲೆಕ್ಕದಲ್ಲೂ ಔಷಧವೇ ಅಲ್ಲ. ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಶುರುವಾಗುತ್ತದೆ. ಅದು ಉಮ್ಮತ್ತದ ದಾರಿಯ ಮಾತ್ರೆ, ಅಸಿಟೈಲ್‌ಕೋಲಿನ್ನಿಗೇ ಅಡ್ಡ. ಸ್ವಲ್ಪ ಕಾಲದಲ್ಲೇ ಅಜ್ಜ ಸಂಜೆ ಹೊತ್ತು ತೀರಿಹೋದ ತಮ್ಮನನ್ನು ಕರೆಯತೊಡಗುತ್ತಾನೆ. ಹೊಟ್ಟೆಯುಬ್ಬರದಿಂದ ಹೊರಟ ಮನುಷ್ಯ ಬುದ್ಧಿಭ್ರಮಣೆಯವರೆಗೆ ಬಂದಿದ್ದಾನೆ, ದಾರಿಯ ಪ್ರತಿ ತಿರುವಿನಲ್ಲೂ ಒಂದೊಂದು ಚೀಟಿ ಇದೆ, ಮನೆಯವರು ಮಾತ್ರ ವಿಧಿಯನ್ನು ಹಳಿಯುತ್ತಿದ್ದಾರೆ.

ಕತೆ ಇಲ್ಲಿಗೂ ನಿಲ್ಲದಿರಬಹುದು. ಮರೆವಿಗೆ ಡೊನೆಪೆಜಿಲ್ ಕೊಡುತ್ತಾರೆ. ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಬೇಗ ಕರಗಿಹೋಗದಂತೆ ಕಾಯುವುದು ಅದರ ಕೆಲಸ. ಆದರೆ ಅದು ಮೂತ್ರಕೋಶವನ್ನೂ ಕೆರಳಿಸುತ್ತದೆ, ಕೆಲವರಿಗೆ ಮೂತ್ರ ತಡೆಯಲಾಗುವುದಿಲ್ಲ. ಅದಕ್ಕೆ ಆಕ್ಸಿಬ್ಯುಟಿನಿನ್ ಬರುತ್ತದೆ, ಅಸಿಟೈಲ್‌ಕೋಲಿನ್ನಿಗೆ ಅಡ್ಡಗಟ್ಟುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು, ಎರಡು ಪ್ರಾಣಿಗಳಿಗೂ ಮೇವಿನ ದುಡ್ಡು ರೋಗಿಯದೇ. ಇದು ನನ್ನ ಕಲ್ಪನೆಯಲ್ಲ. ಕೆನಡಾದ ಒಂಟೇರಿಯೊದ ಆಸ್ಪತ್ರೆ-ಔಷಧ ದಾಖಲೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ಇದನ್ನೇ. ಡೊನೆಪೆಜಿಲ್ ಗುಂಪಿನ ಮಾತ್ರೆ ನುಂಗುತ್ತಿದ್ದ ಡಿಮೆನ್ಷಿಯಾ ರೋಗಿಗಳಿಗೆ, ನುಂಗದವರಿಗಿಂತ ಹೆಚ್ಚಾಗಿ, ಮೂತ್ರ ತಡೆಯುವ ಆ ಎದುರಾಳಿ ಮಾತ್ರೆಯೂ ಸೇರ್ಪಡೆಯಾಗುತ್ತಿತ್ತು.

ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಬೇರೊಂದು ದಾರಿಯಲ್ಲಿ ಬರುತ್ತದೆ. ಅದು ಒಳ್ಳೆಯ ಔಷಧ, ಅಗ್ಗದ ಔಷಧ, ಬಿಡಬೇಕಾದದ್ದಲ್ಲ. ಆದರೆ ಅದು ಆಹಾರದಿಂದ ಬಿ12 ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ನೆದರ್ಲೆಂಡ್ಸ್‌ನಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಮಾತ್ರೆ ಪಡೆದವರ ರಕ್ತದ ಬಿ12 ಮಟ್ಟ, ಹುಸಿಮಾತ್ರೆ ಪಡೆದವರಿಗೆ ಹೋಲಿಸಿದರೆ ಶೇ 19ರಷ್ಟು ಇಳಿದಿತ್ತು. ಅವರು ಮಾಂಸ, ಮೀನು, ಗಿಣ್ಣು ತಿನ್ನುವ ಜನ. ನಮ್ಮಲ್ಲಿ ಮೊಟ್ಟೆಯನ್ನೂ ಮುಟ್ಟದ ಮನೆಗಳೆಷ್ಟು! ಅದರ ಮೇಲೆ ದಿನಾ ಗ್ಯಾಸ್ ಮಾತ್ರೆ ಬೇರೆ. ಎರಡು ವರ್ಷ ಮೀರಿ ಅದನ್ನು ನುಂಗಿದವರಲ್ಲಿ ಬಿ12 ಕೊರತೆ ಹೆಚ್ಚೆಂದು ಕ್ಯಾಲಿಫೋರ್ನಿಯಾದ ಅಧ್ಯಯನವೊಂದು 2013ರಲ್ಲಿ ಹೇಳಿದೆ. ಬಿ12 ಇಳಿದರೆ ಅಂಗಾಲು ಜುಮ್ಮೆನ್ನುತ್ತದೆ, ಉರಿಯುತ್ತದೆ, ನೆನಪು ಸೊರಗುತ್ತದೆ. ಕಾಲುರಿ ಕಂಡೊಡನೆ ‘ಶುಗರಿನಿಂದ ನರ ಕೆಟ್ಟಿದೆ’ ಎಂದು ಅಮಿಟ್ರಿಪ್ಟಿಲಿನ್ ಕೊಟ್ಟರೆ, ಕೊರತೆಯಿಂದ ಸೊರಗಿದ ನೆನಪಿನ ಮೇಲೆ ಮಾತ್ರೆಯ ಮಂಕು ಬಂದು ಕೂರುತ್ತದೆ. 2023ರ ಐಸಿಎಂಆರ್ ಅಧ್ಯಯನದ ಲೆಕ್ಕದಲ್ಲಿ ಈ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ಬಿ12 ಪರೀಕ್ಷೆ ಒಂದು ರಕ್ತಪರೀಕ್ಷೆ ಅಷ್ಟೆ. ವೇಳೆಗೆ ಸರಿಯಾಗಿ ಪತ್ತೆಯಾದರೆ ಸರಿಹೋಗುವ ಮರೆವು ಇದು, ಆದರೆ ತಡವಾದಷ್ಟೂ ಪೂರ್ತಿ ಸರಿಹೋಗುವ ಭರವಸೆ ಕಡಿಮೆ.

ಇನ್ನೊಂದು ಗುಂಪಿನವರಿಗೂ ಇಲ್ಲಿ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಅವರು ಈ ಲೇಖನವನ್ನೇ ಫೋಟೊ ತೆಗೆದು ಹಂಚಿಯಾರು. ಇಂಗ್ಲಿಷ್ ಔಷಧವೆಲ್ಲ ವಿಷ, ಬಿಪಿ ಮಾತ್ರೆ ಕಂಪನಿಗಳ ಸಂಚು, ಕೊಲೆಸ್ಟರಾಲ್ ಮಾತ್ರೆ ಮೆದುಳು ತಿನ್ನುತ್ತದೆ ಎಂದು ಬೆಳಿಗ್ಗೆ ಬೆಳಿಗ್ಗೆ ವಾಟ್ಸಾಪಿನಲ್ಲಿ ಸಾರುವವರು ಇವರು. ಸ್ಟ್ಯಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆಗಳಿಂದ ಕೆಲವರಿಗೆ ಮರೆವು ಕಂಡಿದೆ, ನಿಲ್ಲಿಸಿದರೆ ಹೋಗುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಕರು 2012ರಲ್ಲಿ ಲೇಬಲ್ಲಿಗೆ ಸೇರಿಸಿದ್ದು ನಿಜ. ಅವು ಡಿಮೆನ್ಷಿಯಾ ತರುತ್ತವೆ ಎಂಬುದಕ್ಕೆ ಪುರಾವೆ ಇಲ್ಲ. ಇನ್ನು ಬಿಪಿ. ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2019ರಲ್ಲಿ ಫಲಿತಾಂಶ ಬಂದ ಪ್ರಯೋಗದಲ್ಲಿ, ಬಿಪಿಯನ್ನು ಮಾತ್ರೆಗಳಿಂದ 120ರ ಒಳಗೆ ತರುವ ಗುರಿಯಿಟ್ಟುಕೊಂಡವರಲ್ಲಿ ಡಿಮೆನ್ಷಿಯಾಕ್ಕೆ ಮುಂಚಿನ ಹಂತದ ಮರೆವು ಶೇ 19ರಷ್ಟು ಕಡಿಮೆಯಾಯಿತು. ನೆನಪನ್ನು ಕಾಯುವ ಮಾತ್ರೆಯೂ ಡಬ್ಬದಲ್ಲಿದೆ ಎಂದಾಯಿತು. ಆ ಬಿಪಿ ಮಾತ್ರೆಯನ್ನು ಕಸಕ್ಕೆ ಎಸೆದು, ನಿದ್ದೆ ಮಾತ್ರೆಯನ್ನು ಉಳಿಸಿಕೊಂಡು, ಮೇಲೊಂದಿಷ್ಟು ಬ್ರಾಹ್ಮಿ ಕ್ಯಾಪ್ಸೂಲು, ನೆನೆಸಿದ ಬಾದಾಮಿ ಸೇರಿಸಿಕೊಂಡ ಹಿರಿಯರನ್ನು ಕಂಡಾಗ ಯಾರ ಮೇಲೆ ಕೋಪಿಸಿಕೊಳ್ಳುವುದೋ ತಿಳಿಯುವುದಿಲ್ಲ. ನಿದ್ದೆ ಮಾತ್ರೆಯನ್ನೂ ಒಂದೇ ಏಟಿಗೆ ನಿಲ್ಲಿಸುವ ಹಾಗಿಲ್ಲ. ವರ್ಷಗಟ್ಟಲೆ ನುಂಗಿದವರು ದಿಢೀರನೆ ಬಿಟ್ಟರೆ ಫಿಟ್ಸ್ ಬರಬಹುದು. ವೈದ್ಯರ ಕಣ್ಗಾವಲಿನಲ್ಲಿ ವಾರಗಳ ಮೇಲೆ ವಾರ ಚೂರುಚೂರೇ ತಗ್ಗಿಸಬೇಕು.

ವೈದ್ಯರು ತಮ್ಮ ಪರವಾಗಿ ಹೇಳಿಕೊಳ್ಳುವ ಮಾತೊಂದಿದೆ. “ಸೈಡ್ ಎಫೆಕ್ಟ್ ಎಲ್ಲ ಹೇಳ್ತಾ ಕೂತ್ರೆ ಪೇಷೆಂಟ್ ಬೇಕಾದ ಮಾತ್ರೆನೂ ಬಿಟ್ಟುಬಿಡ್ತಾರೆ.” ಹೊರಗೆ ಐವತ್ತು ಮಂದಿ ಕಾಯುತ್ತಿರುವಾಗ ಒಬ್ಬೊಬ್ಬರ ಡಬ್ಬ ಬಿಚ್ಚಿ ಕೂರಲು ಪುರುಸೊತ್ತಿಲ್ಲ ಎಂದಿದ್ದರೆ ನಾನು ಸುಮ್ಮನಾಗುತ್ತಿದ್ದೆ, ಅದು ನಿಜವಾದ ಕಷ್ಟ. ರೋಗಿಗೆ ತಿಳಿಸುವುದೇ ಅಪಾಯ ಎಂಬ ಮಾತನ್ನು ಒಪ್ಪಲಾಗದು, ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕ್ವಿಬೆಕ್‌ನಲ್ಲಿ ಅರವತ್ತೈದು ದಾಟಿದ, ಬಹುಕಾಲದಿಂದ ನಿದ್ದೆ-ಆತಂಕದ ಮಾತ್ರೆ ನುಂಗುತ್ತಿದ್ದ 303 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಒಂದು ಪುಸ್ತಿಕೆ ಅಂಚೆಯಲ್ಲಿ ಹೋಯಿತು. ಈ ಮಾತ್ರೆ ಏನು ಮಾಡುತ್ತದೆ, ಬದಲಿಗೆ ಏನು ಮಾಡಬಹುದು, ಹೇಗೆ ನಿಧಾನವಾಗಿ ತಗ್ಗಿಸಬೇಕು, ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಿ ಮುಂದುವರಿಯಿರಿ ಎಂದು ಅದರಲ್ಲಿ ಸರಳವಾಗಿ ಬರೆದಿತ್ತು. ಆರು ತಿಂಗಳಲ್ಲಿ ಪುಸ್ತಿಕೆ ಓದಿದವರಲ್ಲಿ ಶೇ 27ರಷ್ಟು ಮಂದಿ ಮಾತ್ರೆ ಪೂರ್ತಿ ಬಿಟ್ಟಿದ್ದರು, ಇನ್ನೊಂದು ಗುಂಪಿನಲ್ಲಿ ಬಿಟ್ಟವರು ಶೇ 5. ಪ್ರಕಟವಾದ ವರ್ಷ 2014. ಮುದುಕರಿಗೆ ತಿಳಿಹೇಳಿದರೆ ಅರ್ಥವಾಗುವುದಿಲ್ಲ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಅದೇ 2014ರ ಮಾರ್ಚಿನಿಂದ ನಮ್ಮಲ್ಲಿ ಔಷಧ ಮಾರಾಟದ ಮೇಲೆ ಕಣ್ಣಿಡುವ ಎಚ್1 ಶೆಡ್ಯೂಲು ಜಾರಿಯಲ್ಲಿದೆ. ಅಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಎಲ್ಲ ಅದರಲ್ಲಿವೆ. ಮಾರಿದ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಎಂಬುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು, ಸ್ಟ್ರಿಪ್ಪಿನ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇರಬೇಕು. ಕಾನೂನು ಚೆನ್ನಾಗಿಯೇ ಇದೆ. ಎಚ್ಚರಿಕೆ ಇರುವುದು ಇಂಗ್ಲಿಷಿನಲ್ಲಿ, ಓದಬೇಕಾದವರು ‘ರಾತ್ರಿಯ ಸಣ್ಣ ಮಾತ್ರೆ’ ಎಂದು ಬಣ್ಣ-ಗಾತ್ರದ ಮೇಲೆ ಗುರುತು ಹಿಡಿಯುವ ಅಜ್ಜಿ. ರಿಜಿಸ್ಟರಿಗೆ ಮಾಸಿದ ಹಳೆ ಚೀಟಿಯೇ ಆಧಾರವಾಗುವ ಅಂಗಡಿಗಳು ಎಲ್ಲ ಊರಲ್ಲೂ ಇವೆ.

ರಾಜ್ಯ ಸರ್ಕಾರ ನಿಮ್ಹಾನ್ಸ್ ಜತೆ ಸೇರಿ 2022ರಲ್ಲಿ ಮೆದುಳಿನ ಆರೋಗ್ಯ ಕಾರ್ಯಕ್ರಮ ಆರಂಭಿಸಿತು, ಜಿಲ್ಲಾಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ಕುಗಳು ಬಂದಿವೆ. ಅಲ್ಲಿಗೆ ಮರೆವೆಂದು ಬಂದವರಿಗೆ ಇವತ್ತು ಯಾವ ವಾರ, ನೂರರಿಂದ ಏಳು ಕಳೆದರೆ ಎಷ್ಟು ಎಂದು ಕೇಳುವ ಮೊದಲು, ಮನೆಯಲ್ಲಿರುವ ಅಷ್ಟೂ ಮಾತ್ರೆಗಳನ್ನು, ಗ್ಯಾಸ್ ಮಾತ್ರೆ, ನೆಗಡಿ ಮಾತ್ರೆ, ಅಂಗಡಿಯಿಂದ ಕೇಳಿ ತಂದದ್ದು ಎಲ್ಲವನ್ನೂ ಚೀಲದಲ್ಲಿ ಹಾಕಿ ತರಲು ಹೇಳಲಿ. ಮೇಜಿನ ಮೇಲೆ ಸುರಿದು ಒಂದೊಂದನ್ನೂ ಇದು ಯಾಕೆ, ಎಂದಿನಿಂದ, ಯಾರು ಕೊಟ್ಟದ್ದು ಎಂದು ವಿಚಾರಿಸಲಿ. ಕ್ವಿಬೆಕ್‌ನ ಪುಸ್ತಿಕೆಯಂಥದ್ದೊಂದನ್ನು ದೊಡ್ಡ ಅಕ್ಷರದಲ್ಲಿ, ಮೈಸೂರಿನ ಅಜ್ಜಿಗೂ ಬೀದರಿನ ಅಜ್ಜನಿಗೂ ಅರ್ಥವಾಗುವ ಕನ್ನಡದಲ್ಲಿ, ಮಾತ್ರೆಗಳ ಬಣ್ಣದ ಚಿತ್ರ ಸಮೇತ ಅಚ್ಚುಹಾಕಿಸಿ ಪ್ರತಿ ಮೆಡಿಕಲ್ ಅಂಗಡಿಯ ಕೌಂಟರಿನ ಮೇಲಿಡಲಿ. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ.